ಭೂತಾನ್ ಫುಟ್‌ಬಾಲ್ ತಂಡ: ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಜೂನ್‌ನಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿಯಾದ ಸ್ಯಾಫ್ ನಡೆದಾಗ ಭಾರತದ ಪಂದ್ಯಗಳಿಗೆ ನೂಕುನುಗ್ಗಲು, ಭೂತಾನ್ ಪಂದ್ಯಗಳಿಗೆ ಬೇಕಾದ ಕಡೆ ಕಾಲು ಚಾಚಿ ಕೂರುವಷ್ಟು ಜಾಗ. ಆಗಿನಿಂದ ನನಗೆ ಈ ತಂಡದ ಹುಚ್ಚು ಹಿಡಿದಿದೆ ಅಂತ ಗೊತ್ತಿರುವ ಗೆಳೆಯರು, ಸಹೋದ್ಯೋಗಿಗಳು, ಮನೆಯ ಮಕ್ಕಳು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಲೇ ಇರುತ್ತಾರೆ. ಪ್ರತಿಸಲ ಮೊದಲಿನಿಂದ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಭೂತಾನ್‌ಗೂ ಒಂದು ಫುಟ್‌ಬಾಲ್ ತಂಡ ಇದೆಯಾ?

ಇದೆ, ಅದೂ ನಾಲ್ಕು ದಶಕಗಳಿಂದ. ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1982ರ ಏಪ್ರಿಲ್ 1ರಂದು, ಕಾಠ್ಮಂಡುವಿನಲ್ಲಿ, ನೇಪಾಳದ ಎದುರು. 3-1ರಿಂದ ಸೋತರು. ತಾರೀಖು ನೋಡಿ ನಗಬೇಡಿ. ಮೊದಲ ಪಂದ್ಯದಲ್ಲೇ ಒಂದು ಗೋಲು ಹೊಡೆದದ್ದು ಸಣ್ಣ ಮಾತಲ್ಲ. ಭೂತಾನ್ ಫುಟ್‌ಬಾಲ್ ಒಕ್ಕೂಟ ಹುಟ್ಟಿದ್ದು ಮರುವರ್ಷ, 1983ರಲ್ಲಿ. ಅಂದರೆ ಒಕ್ಕೂಟಕ್ಕಿಂತ ತಂಡವೇ ಹಿರಿಯದು.

1984 ಮತ್ತು 1987ರ ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ಆಡಿ, ಸೋತು, ಆಮೇಲೆ ತಂಡ ಅಂತರರಾಷ್ಟ್ರೀಯ ಮೈದಾನದಿಂದಲೇ ಮಾಯವಾಯಿತು. ಹನ್ನೆರಡು ವರ್ಷ ಒಂದೇ ಒಂದು ಪಂದ್ಯವಿಲ್ಲ. ಮರಳಿ ಬಂದದ್ದು 1999ರಲ್ಲಿ, ಮತ್ತೆ ಕಾಠ್ಮಂಡುವಿಗೇ. ಹನ್ನೆರಡು ವರ್ಷ ಅಂದರೆ ಒಬ್ಬ ಆಟಗಾರನ ಇಡೀ ಆಯುಷ್ಯ. 1987ರಲ್ಲಿ ಆಡಿದವರು ನಿವೃತ್ತರಾಗಿದ್ದರು, 1999ರಲ್ಲಿ ಆಡಿದವರಿಗೆ ಹೇಳಿಕೊಡಲು ಅನುಭವಿ ಹಿರಿಯರೇ ಇರಲಿಲ್ಲ. ಈ ಒಂದು ಸಂಗತಿಯನ್ನು ಮರೆತರೆ ಮುಂದೆ ಬರುವ ಅಂಕಿಗಳು ಬರೀ ತಮಾಷೆಯಾಗಿ ಕಾಣುತ್ತವೆ.

ಅಲ್ಲಿಯವರ ಆಟ ಬಿಲ್ಲುಗಾರಿಕೆ ಅಲ್ಲವೇ? ಫುಟ್‌ಬಾಲ್ ಎಲ್ಲಿಂದ ಬಂತು?

ರಾಷ್ಟ್ರೀಯ ಕ್ರೀಡೆ ಈಗಲೂ ಬಿಲ್ಲುಗಾರಿಕೆಯೇ. ರಾಜಧಾನಿ ಥಿಂಪುವಿನ ಚಾಂಗ್ಲಿಮಿಥಾಂಗ್ ಕ್ರೀಡಾಂಗಣದ ಪಕ್ಕದಲ್ಲೇ ಬಿಲ್ಲುಗಾರಿಕೆಯ ಅಂಗಳವಿದೆ. ಗುರಿ ತಾಗಿದರೆ ಬಾಣ ಬಿಟ್ಟವನ ತಂಡದವರೆಲ್ಲ ಸೇರಿ ಹಾಡಿ ಕುಣಿಯುತ್ತಾರೆ. ಫುಟ್‌ಬಾಲ್ ಬಂದದ್ದು ಶಾಲೆಗಳ ಮೂಲಕ. ಕಳೆದ ಶತಮಾನದ ನಡುವಿನಲ್ಲಿ ಆಧುನಿಕ ಶಾಲೆಗಳು ತೆರೆದಾಗ ಪಾಠ ಹೇಳಲು ಹೊರಗಿನಿಂದ, ಅದರಲ್ಲೂ ಭಾರತದಿಂದ, ಮೇಷ್ಟ್ರುಗಳು ಹೋದರು. ಅವರ ಜೊತೆ ಚೆಂಡೂ ಹೋಯಿತು.

ಆದರೆ ಆಟ ಮನೆಮನೆಗೆ ಹತ್ತಿದ್ದು ಟಿವಿ ಬಂದ ಮೇಲೆ. 1998ರ ವಿಶ್ವಕಪ್ ಫೈನಲ್ಲನ್ನು ಥಿಂಪುವಿನ ಕ್ರೀಡಾಂಗಣದಲ್ಲಿ ದೊಡ್ಡ ಪರದೆ ಕಟ್ಟಿ ಜನರಿಗೆ ತೋರಿಸಿದರು. ಭೂತಾನ್‌ನಲ್ಲಿ ಆಗಿನ್ನೂ ಟೆಲಿವಿಷನ್ ಪ್ರಸಾರವೇ ಇರಲಿಲ್ಲ, ಅದು ಶುರುವಾದದ್ದು 1999ರ ಜೂನ್‌ನಲ್ಲಿ. ಊರಿಗೆಲ್ಲ ಒಂದೇ ಟಿವಿ ಇದ್ದ ಕಾಲದಲ್ಲಿ ಪಕ್ಕದ ಮನೆಯ ಕಿಟಕಿಯಿಂದ 1986ರ ಮರಡೋನಾನನ್ನು ನೋಡಿದ ನಮ್ಮ ತಲೆಮಾರಿಗೆ ಆ ಪರದೆಯ ಮುಂದಿನ ಸಡಗರ ಹೇಗಿದ್ದೀತು ಅಂತ ಬಿಡಿಸಿ ಹೇಳಬೇಕಿಲ್ಲ.

20-0 ಸೋಲು ನಿಜವೇ?

ನಿಜ. 2000ದ ಫೆಬ್ರವರಿ 14, ಏಷ್ಯಾ ಕಪ್ ಅರ್ಹತಾ ಸುತ್ತು, ಎದುರಾಳಿ ಕುವೈತ್, ಆಟ ಅವರದೇ ನೆಲದಲ್ಲಿ. ಆ ದಿನಕ್ಕೆ ಅದು ಅಂತರರಾಷ್ಟ್ರೀಯ ಫುಟ್‌ಬಾಲಿನ ಅತಿ ದೊಡ್ಡ ಅಂತರದ ಸೋಲು. ಅದೇ ಗುಂಪಿನಲ್ಲಿ ಯೆಮನ್ ಎದುರು 11-2, ತುರ್ಕ್‌ಮೆನಿಸ್ತಾನದ ಎದುರು 8-0, ನೇಪಾಳದ ಎದುರು 3-0. ನಾಲ್ಕು ಪಂದ್ಯ, ಬಿಟ್ಟುಕೊಟ್ಟ ಗೋಲು 42, ಹೊಡೆದದ್ದು ಎರಡು.

ದಾಖಲೆ ಬಹಳ ದಿನ ಭೂತಾನಿನ ತಲೆಯ ಮೇಲೆ ಉಳಿಯಲಿಲ್ಲ. 2001ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಮೊದಲು ಟೋಂಗಾವನ್ನು 22-0ರಿಂದ, ಎರಡೇ ದಿನ ಕಳೆದು ಅಮೆರಿಕನ್ ಸಮೋವಾವನ್ನು 31-0ರಿಂದ ಸೋಲಿಸಿತು. ಪಾಪ, ಸೋಲಿನ ದಾಖಲೆಯನ್ನೂ ಉಳಿಸಿಕೊಳ್ಳಲು ಬಿಡಲಿಲ್ಲ ಅಂತ ನನ್ನ ತಮ್ಮ ಹೇಳುತ್ತಾನೆ.

ನನಗೆ ಮುಖ್ಯವಾಗಿ ಕಾಣುವುದು ಬೇರೆ. 1987ರ ಸೋಲುಗಳಾದ ಮೇಲೆ ಹನ್ನೆರಡು ವರ್ಷ ಮನೆಯಲ್ಲಿ ಕುಳಿತ ತಂಡ, 20-0 ಆದಮೇಲೆ ಮನೆಯಲ್ಲಿ ಕೂರಲಿಲ್ಲ. ಅದೇ ವರ್ಷ ಫಿಫಾ ಸದಸ್ಯತ್ವ ಪಡೆಯಿತು. ದಕ್ಷಿಣ ಕೊರಿಯಾದಿಂದ, ಆಮೇಲೆ ಹಾಲೆಂಡಿನಿಂದ ಕೋಚ್‌ಗಳನ್ನು ಕರೆಸಿಕೊಂಡಿತು.

ವಿಶ್ವಕಪ್ ಫೈನಲ್ ದಿನವೇ ಭೂತಾನ್ ಇನ್ನೊಂದು ‘ಫೈನಲ್’ ಆಡಿತ್ತಂತೆ, ಏನದು?

ಈ ತಂಡದ ಬಗ್ಗೆ ಒಂದೇ ಕಥೆ ಗೊತ್ತಿರುವವರಿಗೆ ಗೊತ್ತಿರುವುದು ಇದೇ ಕಥೆ. 2002ರ ವಿಶ್ವಕಪ್‌ಗೆ ಹಾಲೆಂಡ್ ಅರ್ಹತೆ ಪಡೆಯಲಿಲ್ಲ. ತಮ್ಮ ತಂಡವಿಲ್ಲದ ವಿಶ್ವಕಪ್ ನೋಡಲು ಮನಸ್ಸಿಲ್ಲದ ಡಚ್ಚರಿಗೆ ಒಂದು ಯೋಚನೆ ಹೊಳೆಯಿತು: ಜಗತ್ತಿನ ಅತ್ಯುತ್ತಮ ಎರಡು ತಂಡಗಳು ಆಡುವ ದಿನವೇ ಪಟ್ಟಿಯ ಕೊನೆಯ ಎರಡು ತಂಡಗಳನ್ನೂ ಆಡಿಸಿದರೆ? ಆಗ ಫಿಫಾ ಪಟ್ಟಿಯಲ್ಲಿ ಭೂತಾನ್ 202ನೆಯದು, ಕೆರಿಬಿಯನ್ ದ್ವೀಪ ಮೊಂಟ್ಸೆರಾಟ್ 203ನೆಯದು. ಅಲ್ಲಿಗೆ ಪಟ್ಟಿ ಮುಗಿಯಿತು.

ಮೊಂಟ್ಸೆರಾಟ್ ಕಥೆ ಇನ್ನೂ ಕಷ್ಟದ್ದು. 1995ರಿಂದ ಉಕ್ಕತೊಡಗಿದ ಜ್ವಾಲಾಮುಖಿ ರಾಜಧಾನಿ ಪ್ಲಿಮತ್ ಪಟ್ಟಣವನ್ನೇ ಬೂದಿಯಲ್ಲಿ ಹೂತುಹಾಕಿತ್ತು, ಜನರಲ್ಲಿ ಬಹುಪಾಲು ದ್ವೀಪ ಬಿಟ್ಟು ಹೋಗಿದ್ದರು. ಅಂಥ ಕಡೆಯಿಂದ ವಿಮಾನದ ಮೇಲೆ ವಿಮಾನ ಬದಲಿಸಿ ಅರ್ಧ ಭೂಮಿ ಸುತ್ತಿ ಥಿಂಪು ತಲುಪುವಷ್ಟರಲ್ಲಿ ಕೆಲವು ಆಟಗಾರರು ಕಾಯಿಲೆ ಬಿದ್ದಿದ್ದರು. ಸಮುದ್ರದ ಮಟ್ಟದಲ್ಲಿ ಬೆಳೆದವರು 2,300 ಮೀಟರ್ ಎತ್ತರದಲ್ಲಿ ಓಡಬೇಕಿತ್ತು.

ಜೂನ್ 30ರಂದು, ಯೊಕೊಹಾಮಾದಲ್ಲಿ ಬ್ರೆಜಿಲ್ ಮತ್ತು ಜರ್ಮನಿ ಎದುರಾಗುವುದಕ್ಕೆ ಕೆಲವು ಗಂಟೆ ಮೊದಲು, ಚಾಂಗ್ಲಿಮಿಥಾಂಗ್‌ನಲ್ಲಿ ಸುಮಾರು 15,000 ಜನ ಸೇರಿದ್ದರು. ರೆಫರಿ ಇಂಗ್ಲೆಂಡಿನ ಸ್ಟೀವ್ ಬೆನೆಟ್. ಭೂತಾನಿನ ಕೋಚ್ ಹಾಲೆಂಡಿನ ಆರಿ ಸ್ಕಾನ್ಸ್. ವಾಂಗೆ ದೋರ್ಜಿ ಶುರುವಿನಲ್ಲೇ ಒಂದು ಗೋಲು ಹೊಡೆದ, ಕೊನೆಗೆ ಹ್ಯಾಟ್ರಿಕ್ ಪೂರೈಸಿದ. ಇನ್ನೊಂದು ದಿನೇಶ್ ಛೆತ್ರಿಯದು. ಭೂತಾನ್ 4, ಮೊಂಟ್ಸೆರಾಟ್ 0. ಎರಡು ವರ್ಷದ ಹಿಂದೆ ಇಪ್ಪತ್ತು ಗೋಲು ತಿಂದ ತಂಡ ಈ ಸಲ ಒಂದನ್ನೂ ಬಿಟ್ಟುಕೊಡಲಿಲ್ಲ. ಟ್ರೋಫಿಯನ್ನು ಎರಡು ಹೋಳಾಗುವಂತೆ ಮಾಡಿಸಿದ್ದರು, ಎರಡೂ ತಂಡಗಳಿಗೆ ಅರ್ಧರ್ಧ. ಡಚ್ ನಿರ್ದೇಶಕ ಯೊಹಾನ್ ಕ್ರೇಮರ್ ಇದನ್ನೆಲ್ಲ ಸಾಕ್ಷ್ಯಚಿತ್ರವಾಗಿ ಚಿತ್ರಿಸಿದ.

ಇದನ್ನು ‘ಜಗತ್ತಿನ ಕೆಟ್ಟ ತಂಡಗಳ ಪಂದ್ಯ’ ಅಂತ ಬರೆಯುವವರ ಮೇಲೆ ನನಗೊಂದು ತಕರಾರಿದೆ. ಆಗ ಫಿಫಾ ಪಟ್ಟಿಯಲ್ಲಿ ಇದ್ದದ್ದೇ 203 ತಂಡಗಳು. ಕೊನೆಯ ಬೆಂಚಾದರೂ ಅದು ತರಗತಿಯ ಒಳಗಿನ ಬೆಂಚೇ.

ಅದಾದ ಮೇಲೆ ಗೆಲ್ಲಲೇ ಇಲ್ಲವೇ?

ಮರುವರ್ಷವೇ ಗೆದ್ದರು. 2003ರ ಏಪ್ರಿಲ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಸುತ್ತಿನ ಪಂದ್ಯಗಳು ಥಿಂಪುವಿನಲ್ಲೇ ನಡೆದವು. ಗುವಾಮ್ ಎದುರು 6-0 ಗೆಲುವು, ಮಂಗೋಲಿಯಾದ ಎದುರು 0-0. ಆ 6-0 ಈವರೆಗೂ ಭೂತಾನಿನ ಅತಿ ದೊಡ್ಡ ಜಯ. ಮುಂದಿನ ಸುತ್ತಿಗೆ ಜೆದ್ದಾಕ್ಕೆ ಹೋಗಿ ಸೌದಿ ಅರೇಬಿಯಾ, ಯೆಮನ್, ಇಂಡೊನೇಷ್ಯಾಗಳ ಕೈಯಲ್ಲಿ ಸಿಕ್ಕಿಬಿದ್ದರು. ಆ ವಿವರ ಬೇಡ.

ಭಾರತವನ್ನು ಸೋಲಿಸಿದ್ದುಂಟೇ?

ಇಲ್ಲ. ಆದರೆ ಒಮ್ಮೆ ಭಾರತದ ಬೆವರಿಳಿಸಿದ್ದುಂಟು. 2008ರ ಸ್ಯಾಫ್ ಟೂರ್ನಿಯಲ್ಲಿ ಅಫ್ಘಾನಿಸ್ತಾನವನ್ನು 3-1ರಿಂದ ಸೋಲಿಸಿ, ಬಾಂಗ್ಲಾದೇಶದ ಜೊತೆ 1-1 ಸಮ ಮಾಡಿಕೊಂಡು ಭೂತಾನ್ ಮೊದಲ ಸಲ ಸೆಮಿಫೈನಲ್ ಮುಟ್ಟಿತು. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ನಡೆದ ಆ ಸೆಮಿಫೈನಲ್‌ನಲ್ಲಿ ಭಾರತದ ಎದುರು ಮೊದಲು ಗೋಲು ಹೊಡೆದವರು ಭೂತಾನಿಗಳೇ. ಸುನಿಲ್ ಛೆತ್ರಿ ಸಮ ಮಾಡಿದ. 90 ನಿಮಿಷ ಮುಗಿದರೂ 1-1. ಹೆಚ್ಚುವರಿ ಸಮಯದಲ್ಲಿ ಗೌರಮಾಂಗಿ ಸಿಂಗ್ ಗೋಲಿನಿಂದ ಭಾರತ 2-1ರಲ್ಲಿ ಪಾರಾಯಿತು. ಮೂರೇ ವರ್ಷದ ನಂತರ ದೆಹಲಿಯಲ್ಲಿ ಅದೇ ಭಾರತ 5-0ರಿಂದ ಗೆದ್ದಿತು. ಭೂತಾನಿನ ಏರಿಳಿತ ಹೀಗೆಯೇ, ಘಟ್ಟದ ರಸ್ತೆಯ ಹಾಗೆ.

(ದಿನೇಶ್ ಛೆತ್ರಿಗೂ ಸುನಿಲ್ ಛೆತ್ರಿಗೂ ಸಂಬಂಧವಿದೆಯೇ ಅಂತ ಕೇಳುವವರಿಗೆ: ಛೆತ್ರಿ ಅನ್ನುವುದು ನೇಪಾಳಿ ಮಾತಾಡುವವರಲ್ಲಿ ಬಹಳ ಸಾಮಾನ್ಯವಾದ ಹೆಸರು. ಭೂತಾನಿನ ದಕ್ಷಿಣ ಭಾಗದಲ್ಲೂ ನೇಪಾಳಿ ಭಾಷಿಕರಿದ್ದಾರೆ.)

2015ರಲ್ಲಿ ಅಷ್ಟೊಂದು ಸುದ್ದಿಯಾಗಲು ಕಾರಣವೇನು?

ಆ ವರ್ಷದ ಮಾರ್ಚ್‌ನಲ್ಲಿ ಫಿಫಾ ಪಟ್ಟಿಯಲ್ಲಿ 209 ತಂಡಗಳಿದ್ದವು. ಭೂತಾನ್ 209ನೆಯದು. ಅದಕ್ಕೂ ಮೊದಲು ಅವರು ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. 2018ರ ವಿಶ್ವಕಪ್‌ನ ಏಷ್ಯಾ ಅರ್ಹತೆಯ ಮೊದಲ ಸುತ್ತಿನಲ್ಲಿ ಶ್ರೀಲಂಕಾ ಎದುರಾಳಿಯಾಗಿ ಸಿಕ್ಕಿತು. ಲಂಕಾ ಮೂವತ್ತಕ್ಕೂ ಹೆಚ್ಚು ಮೆಟ್ಟಿಲು ಮೇಲಿತ್ತು.

ತಂಡದ ಬಹುಪಾಲು ಆಟಗಾರರಿಗೆ ಫುಟ್‌ಬಾಲ್ ಹೊಟ್ಟೆಪಾಡಲ್ಲ. ವಿದ್ಯಾರ್ಥಿಗಳು, ಬೇರೆ ಬೇರೆ ನೌಕರಿಯಲ್ಲಿದ್ದವರು. ನಾಯಕ ಕರ್ಮ ಶೆದ್ರುಪ್ ತ್ಸೆರಿಂಗ್ ಡ್ರುಕ್ ಏರ್ ವಿಮಾನಗಳ ಪೈಲಟ್. ಪಾರೊ ವಿಮಾನ ನಿಲ್ದಾಣ ಬೆಟ್ಟಗಳ ನಡುವಿನ ಕಣಿವೆಯಲ್ಲಿದೆ, ಅಲ್ಲಿ ವಿಮಾನ ಇಳಿಸಲು ವಿಶೇಷ ತರಬೇತಿ ಪಡೆದವರಿಗಷ್ಟೇ ಅನುಮತಿ. ಅಂಥ ಕೆಲಸ ಮಾಡುವವನು ಸಂಜೆ ಬಂದು ರಕ್ಷಣಾ ವಿಭಾಗ ನೋಡಿಕೊಳ್ಳುತ್ತಿದ್ದ. ಕೋಚ್ ಸ್ಥಾನದಲ್ಲಿ ಸ್ಥಳೀಯರೇ ಆದ ಚೋಕಿ ನಿಮಾ.

ಮಾರ್ಚ್ 12, ಕೊಲಂಬೊ. 84ನೇ ನಿಮಿಷದವರೆಗೆ 0-0. ಆಗ ತ್ಸೆರಿಂಗ್ ದೋರ್ಜಿ ಗೋಲು ಹೊಡೆದ. ಭೂತಾನ್ 1-0. ತವರಿನಿಂದ ಹೊರಗೆ, ಬಿಸಿಲು ನಾಡಿನಲ್ಲಿ, ಎಲ್ಲ ಲೆಕ್ಕಾಚಾರ ತಲೆಕೆಳಗು ಮಾಡಿದ ಗೆಲುವು. ಐದು ದಿನದ ನಂತರ ಥಿಂಪುವಿನಲ್ಲಿ ಎರಡನೇ ಪಂದ್ಯ, ಕ್ರೀಡಾಂಗಣ ಭರ್ತಿ. ಐದನೇ ನಿಮಿಷದಲ್ಲೇ ಚೆಂಚೊ ಗ್ಯೆಲ್ಟ್‌ಶೆನ್ ಗೋಲು ಹೊಡೆದ. ಲಂಕಾ ಸಮ ಮಾಡಿತು. ಇನ್ನೊಂದು ಗೋಲು ಲಂಕಾ ಹೊಡೆದರೆ ಹೊರಗಿನ ಗೋಲಿನ ನಿಯಮದಲ್ಲಿ (ಎರಡು ಪಂದ್ಯ ಸೇರಿ ಸಮವಾದರೆ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದವರೇ ಮುಂದಕ್ಕೆ) ಭೂತಾನ್ ಮನೆಗೆ ಹೋಗಬೇಕಿತ್ತು. ದ್ವಿತೀಯಾರ್ಧವಿಡೀ ಹೊಟ್ಟೆಯಲ್ಲಿ ಕಲ್ಲು ಕಟ್ಟಿಕೊಂಡು ಕೂತ ಜನರ ಎದುರು, 90ನೇ ನಿಮಿಷಕ್ಕೆ ಚೆಂಚೊ ಮತ್ತೊಂದು ಹೊಡೆದ. 2-1. ಎರಡೂ ಸೇರಿ 3-1. ಜಗತ್ತಿನ ಕೊನೆಯ ತಂಡ ವಿಶ್ವಕಪ್ ಅರ್ಹತೆಯ ಎರಡನೇ ಸುತ್ತಿನಲ್ಲಿತ್ತು.

ಎರಡು ಪಂದ್ಯ ಗೆದ್ದು 46 ಸ್ಥಾನ ಮೇಲೇರುವುದು ಹೇಗೆ ಸಾಧ್ಯ?

ಏಪ್ರಿಲ್ ಪಟ್ಟಿ ಬಂದಾಗ ಭೂತಾನ್ 209ರಿಂದ 163ಕ್ಕೆ ಜಿಗಿದಿತ್ತು. ಜೂನ್‌ನಲ್ಲಿ 159, ಅದು ಈವರೆಗಿನ ಅತ್ಯುತ್ತಮ ಸ್ಥಾನ. ಪವಾಡವೇನಿಲ್ಲ, ಗಣಿತ. ಆಗಿನ ಲೆಕ್ಕದಲ್ಲಿ ಸ್ನೇಹಪರ ಪಂದ್ಯದ ಗೆಲುವಿಗಿಂತ ವಿಶ್ವಕಪ್ ಅರ್ಹತಾ ಪಂದ್ಯದ ಗೆಲುವಿಗೆ ಎರಡೂವರೆ ಪಟ್ಟು ತೂಕ. ಸೋಲಿಗೆ ಸೊನ್ನೆ ಅಂಕ. ಭೂತಾನ್ ಹಿಂದಿನ ವರ್ಷಗಳಲ್ಲಿ ಗೆದ್ದೇ ಇರಲಿಲ್ಲವಾದ್ದರಿಂದ ಖಾತೆ ಖಾಲಿ. ಪಟ್ಟಿಯ ಕೆಳತುದಿಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರವೂ ಕೂದಲೆಳೆಯಷ್ಟು. ಬರಿದಾದ ಕೆರೆಗೆ ಎರಡು ಒಳ್ಳೆ ಮಳೆ ಬಿದ್ದಂತೆ, ಮಟ್ಟ ಒಂದೇ ಸಲ ಏರಿತು. ಇಳಿದದ್ದೂ ಅಷ್ಟೇ ಬೇಗ.

ಎರಡನೇ ಸುತ್ತಿನಲ್ಲಿ ಏನಾಯಿತು?

ಗುಂಪಿನಲ್ಲಿ ಚೀನಾ, ಕತಾರ್, ಹಾಂಗ್‌ಕಾಂಗ್, ಮಾಲ್ಡೀವ್ಸ್. ಎಂಟು ಪಂದ್ಯ, ಎಂಟೂ ಸೋಲು. ಬಿಟ್ಟುಕೊಟ್ಟದ್ದು 52 ಗೋಲು, ಹೊಡೆದದ್ದು 5, ಐದೂ ಮಾಲ್ಡೀವ್ಸ್ ಮೇಲೆ. ದೋಹಾದಲ್ಲಿ 15-0, ಚೀನಾದಲ್ಲಿ 12-0.

ಒಂದು ಶತಕೋಟಿಗೂ ಹೆಚ್ಚು ಜನರ ದೇಶ ಒಂದು ಕಡೆ, ಏಳೆಂಟು ಲಕ್ಷ ಜನರ ದೇಶ ಇನ್ನೊಂದು ಕಡೆ. ನಮ್ಮ ಮೈಸೂರು ನಗರದಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಮೈಸೂರಿನಿಂದ ಹನ್ನೊಂದು ಜನರನ್ನು ಆರಿಸಿ ಚೀನಾದ ಎದುರು ನಿಲ್ಲಿಸಿದರೆ ಏನಾದೀತು ಅಂತ ಯೋಚಿಸಿ. ಅದರಲ್ಲೂ ಮೈಸೂರಿನಲ್ಲಿ ಸಮತಟ್ಟಾದ ಮೈದಾನಗಳಿಗೆ ಬರವಿಲ್ಲ. ಭೂತಾನಿನಲ್ಲಿ ಒಂದು ಫುಟ್‌ಬಾಲ್ ಅಂಗಳದಷ್ಟು ಸಮತಟ್ಟು ಜಾಗ ಸಿಗುವುದೇ ಕಷ್ಟ, ಸಿಕ್ಕರೆ ಅಲ್ಲಿ ಭತ್ತ ಬೆಳೆಯುತ್ತಾರೆ.

ಒಮ್ಮೆ ಗೆಲ್ಲುತ್ತಾರೆ, ಒಮ್ಮೆ ಹನ್ನೆರಡು ಗೋಲು ತಿನ್ನುತ್ತಾರೆ. ಇದು ಹೇಗೆ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ನನ್ನ ಪ್ರಕಾರ ಭೂತಾನ್ ಅನ್ನುವುದು ಒಂದು ತಂಡವಲ್ಲ, ಎರಡು. ಒಂದು ಥಿಂಪುವಿನಲ್ಲಿ ಆಡುವುದು, ಇನ್ನೊಂದು ಹೊರಗೆ ಆಡುವುದು. ಅದೇ ಹುಡುಗರು, ಅದೇ ಹಳದಿ ಕಿತ್ತಳೆ ಅಂಗಿ, ಫಲಿತಾಂಶ ಮಾತ್ರ ಅಜಗಜಾಂತರ.

2015ರದನ್ನೇ ನೋಡಿ. ಹಾಂಗ್‌ಕಾಂಗ್‌ಗೆ ಹೋಗಿ 7-0 ಸೋತವರು ಥಿಂಪುವಿನಲ್ಲಿ ಅದೇ ತಂಡಕ್ಕೆ ಬಿಟ್ಟುಕೊಟ್ಟದ್ದು ಒಂದೇ ಗೋಲು. ಕತಾರ್ ಎದುರು ಅಲ್ಲಿ 15-0, ಇಲ್ಲಿ 3-0. ಚೀನಾದ ಎದುರು ಅಲ್ಲಿ 12, ಇಲ್ಲಿ 6. 2019ರ ಏಷ್ಯಾ ಕಪ್ ಅರ್ಹತೆಯಲ್ಲಿ ಒಮಾನ್‌ನಲ್ಲಿ 14-0 ಸೋಲು, ಥಿಂಪುವಿನಲ್ಲಿ 4-2. ಪ್ಯಾಲೆಸ್ಟೈನ್ ಎದುರು ಹೊರಗೆ 10-0, ಮನೆಯಲ್ಲಿ 2-0. 2019ರ ಜೂನ್‌ನಲ್ಲಿ ಗುವಾಮ್ ಅನ್ನು ಥಿಂಪುವಿನಲ್ಲಿ 1-0 ಸೋಲಿಸಿ, ಐದು ದಿನದ ನಂತರ ಅವರ ದ್ವೀಪಕ್ಕೆ ಹೋಗಿ 5-0 ಸೋತು ವಿಶ್ವಕಪ್ ಅರ್ಹತೆಯಿಂದ ಹೊರಬಿದ್ದರು. ನಮ್ಮ ಗಾದೆಯ ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ.

ಬೆಂಗಳೂರಿಗರಿಗೆ ಇದರ ರುಚಿ ಕ್ಲಬ್ ಮಟ್ಟದಲ್ಲೂ ಗೊತ್ತು. 2018ರ ಜನವರಿಯಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ಗಾಗಿ ಥಿಂಪುವಿಗೆ ಹೋದ ಬೆಂಗಳೂರು ಎಫ್‌ಸಿ ಅಲ್ಲಿನ ಟ್ರಾನ್ಸ್‌ಪೋರ್ಟ್ ಯುನೈಟೆಡ್ ಎದುರು ಗೋಲಿಲ್ಲದೆ 0-0 ಮಾಡಿಕೊಂಡು ಬಂತು. ಕಂಠೀರವದಲ್ಲಿ 3-0 ಗೆದ್ದಿತು. 2020ರ ಫೆಬ್ರವರಿಯಲ್ಲಿ ಪಾರೊ ಎಫ್‌ಸಿ ಎದುರು ಥಿಂಪುವಿನಲ್ಲಿ ತಿಣುಕಾಡಿ 1-0. ಒಂದು ವಾರದ ನಂತರ ಕಂಠೀರವದಲ್ಲಿ? 9-1. ಬೆಂಗಳೂರು ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ಹಾಡಿ ಹಾಡಿ ಗಂಟಲು ಕಟ್ಟಿದ ಗೆಳೆಯನೊಬ್ಬ “ಇದೇ ಟೀಮಾ ಹೋದ ವಾರ ಆಡಿದ್ದು?” ಅಂತ ಕೇಳಿದ್ದ.

ಕಾರಣ? ಎತ್ತರ ಒಂದು. 2,300 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ಹಿಂದಿನ ದಿನ ಬಂದಿಳಿದವರಿಗೆ ಅರುವತ್ತನೇ ನಿಮಿಷಕ್ಕೆ ಕಾಲು ಭಾರವಾಗುತ್ತದೆ. ತೆಳು ಗಾಳಿಯಲ್ಲಿ ಚೆಂಡೂ ಅಂದಾಜಿಗಿಂತ ಬೇಗ ಬರುತ್ತದೆ. ಮೇಲಾಗಿ 2012ರಿಂದ ಅಲ್ಲಿರುವುದು ಕೃತಕ ಹುಲ್ಲು, ಪುಟಿತವೇ ಬೇರೆ.

ಆದರೆ ಎತ್ತರವೊಂದನ್ನೇ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಹಾಗೆ ನೋಡಿದರೆ ಬೆಟ್ಟದಿಂದ ಇಳಿದು ಬಂದವರಿಗೆ ಉಸಿರು ಸುಲಭವಾಗಬೇಕು. ಅವರನ್ನು ಹೊರಗೆ ಕೆಡಿಸುವುದು ಬಿಸಿಲು, ಸೆಕೆ, ಹಲವು ವಿಮಾನಗಳ ದಾರಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅಭ್ಯಾಸದ ಕೊರತೆ. ಹೊರಗಿನ ನೆಲದಲ್ಲಿ ಅವರು ಆಡುವ ಪಂದ್ಯಗಳೇ ಬೆರಳೆಣಿಕೆ. ಮೂರು ಗೋಲು ಬಿದ್ದ ಮೇಲೆ ಹಿಂದೆ ಸರಿದು ಗೋಡೆ ಕಟ್ಟಿಕೊಂಡು ಮರ್ಯಾದೆ ಉಳಿಸಿಕೊಳ್ಳುವುದೂ ಒಂದು ವಿದ್ಯೆ, ಅದು ಪಂದ್ಯ ಆಡಿ ಆಡಿಯೇ ಬರಬೇಕು. ಭೂತಾನಿನ ದೊಡ್ಡ ಸೋಲುಗಳಲ್ಲಿ ಮೂರು ಗೋಲಿನ ನಂತರವೂ ಸಾಲಾಗಿ ಗೋಲು ಬೀಳುತ್ತಲೇ ಹೋಗಿದೆ.

ಇದಕ್ಕೆ ತಿರುಗುಬಾಣದಂತೆ 2016ರ ಬಾಂಗ್ಲಾದೇಶದ ಕಥೆ ಇದೆ. ಢಾಕಾದಲ್ಲಿ ಭೂತಾನ್ 0-0 ಹಿಡಿದು ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ಥಿಂಪುವಿನಲ್ಲಿ 3-1 ಗೆದ್ದಿತು. ಹದಿನಾರು ಕೋಟಿ ಜನರ ದೇಶದ ತಂಡ ಆ ಸೋಲಿನ ನಂತರ ಒಂದು ವರ್ಷಕ್ಕೂ ಹೆಚ್ಚು ಕಾಲ ಅಂತರರಾಷ್ಟ್ರೀಯ ಪಂದ್ಯವನ್ನೇ ಆಡಲಿಲ್ಲ. 1987ರ ಭೂತಾನಿನ ಪಾಡು ಈಗ ಅವರದಾಯಿತು.

ಚೆಂಚೊ ಯಾರು? ಬೆಂಗಳೂರಿಗೆ ಆಡಿದ್ದ ಅನ್ನುತ್ತಾರಲ್ಲ?

ಹೌದು, ಅವನೇ. 1996ರಲ್ಲಿ ಹುಟ್ಟಿದ ಚೆಂಚೊ ಗ್ಯೆಲ್ಟ್‌ಶೆನ್ ಭೂತಾನಿನ ಪರ ಅತಿ ಹೆಚ್ಚು ಗೋಲು ಹೊಡೆದವನು. ಬೆನ್ನಿನ ಮೇಲೆ 7, ಆದ್ದರಿಂದ ಊರಲ್ಲಿ ಸಿಜಿ7, ‘ಭೂತಾನಿನ ರೊನಾಲ್ಡೊ’. ಹೊರದೇಶದಲ್ಲಿ ವೃತ್ತಿಪರ ಆಟಗಾರನಾದ ಮೊದಲ ಭೂತಾನಿ. 2015ರ ಶ್ರೀಲಂಕಾ ಪಂದ್ಯಗಳಾದ ಮೇಲೆ ಥಾಯ್ಲೆಂಡಿನ ದೊಡ್ಡ ಕ್ಲಬ್ ಬುರಿರಾಮ್ ಯುನೈಟೆಡ್ ಕಣ್ಣಿಗೆ ಬಿದ್ದ. 2017-18ರಲ್ಲಿ ಮಿನರ್ವಾ ಪಂಜಾಬ್ ಎಲ್ಲರನ್ನೂ ಬೆರಗಾಗಿಸಿ ಭಾರತದ ಕ್ಲಬ್ ಟೂರ್ನಿ ಐ-ಲೀಗ್ ಗೆದ್ದಾಗ ಅದರ ಮುಂಚೂಣಿಯಲ್ಲಿದ್ದವನು ಇವನು. ಆಮೇಲೆ 2018ರಲ್ಲಿ ಬೆಂಗಳೂರು ಎಫ್‌ಸಿ. ಇಲ್ಲಿ ಛೆತ್ರಿ, ಮಿಕು, ಉದಾಂತ ಇದ್ದ ಸಾಲಿನಲ್ಲಿ ಜಾಗ ಸಿಕ್ಕಿದ್ದು ಕಡಿಮೆ, ಸೀಸನ್ ನಡುವೆ ಬೇರೆ ಕ್ಲಬ್‌ಗೆ ಎರವಲು ಹೋದ. ಮುಂದೆ ಕೇರಳ ಬ್ಲಾಸ್ಟರ್ಸ್‌ಗೂ ಆಡಿದ. ನಮ್ಮವರು ಅವನನ್ನು ಇನ್ನಷ್ಟು ಆಡಿಸಬೇಕಿತ್ತು ಅನ್ನುವುದು ನನ್ನ ಹಳೆಯ ದೂರು, ಆದರೆ ಆ ಸೀಸನ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದ ತಂಡದ ಬಗ್ಗೆ ದೂರಿದರೆ ಕೇಳುವವರು ಯಾರು?

ಅಲ್ಲಿ ಎಲ್ಲರೂ ದೋರ್ಜಿ, ತ್ಸೆರಿಂಗ್‌ಗಳೇ ಏಕೆ? ಎಲ್ಲರೂ ಒಂದೇ ಮನೆಯವರೇ?

ಅಲ್ಲ. ಭೂತಾನಿಗಳಲ್ಲಿ ಬಹುತೇಕರಿಗೆ ನಮ್ಮ ಹಾಗೆ ಮನೆತನದ ಹೆಸರು ಇರುವುದಿಲ್ಲ. ಮಗು ಹುಟ್ಟಿದಾಗ ಹೆಸರಿಡುವುದು ಸಾಮಾನ್ಯವಾಗಿ ಲಾಮಾ, ಅದೂ ಬೌದ್ಧ ಸಂಪ್ರದಾಯದ ಕೆಲವೇ ಹೆಸರುಗಳಿಂದ. ದೋರ್ಜಿ ಅಂದರೆ ವಜ್ರ. ತ್ಸೆರಿಂಗ್ ಅಂದರೆ ದೀರ್ಘಾಯು. ಹಾಗಾಗಿ ತ್ಸೆರಿಂಗ್ ದೋರ್ಜಿ ಮತ್ತು ವಾಂಗೆ ದೋರ್ಜಿ ಅಣ್ಣತಮ್ಮಂದಿರಾಗಬೇಕಿಲ್ಲ. ವೀಕ್ಷಕ ವಿವರಣೆಗಾರರ ಪಾಡು ಮಾತ್ರ ದೇವರಿಗೇ ಪ್ರೀತಿ.

ಮಹಿಳೆಯರ ತಂಡ?

2010ರಲ್ಲಿ ಕಾಕ್ಸ್ ಬಜಾರ್‌ನ ಸ್ಯಾಫ್ ಟೂರ್ನಿಯಲ್ಲಿ ಭಾರತದ ಎದುರು 18-0 ಸೋತರು. 2022 ಮತ್ತು 2024, ಎರಡೂ ಟೂರ್ನಿಗಳಲ್ಲಿ ಸೆಮಿಫೈನಲ್ ತಲುಪಿದರು. ಗಂಡಸರಿಗಿಂತ ಬೇಗ ಕಲಿತಿದ್ದಾರೆ.

2023ರಲ್ಲಿ ಬೆಂಗಳೂರಿನಲ್ಲಿ ಹೇಗೆ ಆಡಿದರು?

ಮೂರೂ ಸೋಲು: ಮಾಲ್ಡೀವ್ಸ್ ಎದುರು 2-0, ಲೆಬನಾನ್ ಎದುರು 4-1, ಬಾಂಗ್ಲಾದೇಶದ ಎದುರು 3-1. ಅಂಕಿಗಳು ಹೇಳದ್ದು ಒಂದಿದೆ. ಬಾಂಗ್ಲಾ ಎದುರು ಮೊದಲ ಗೋಲು ತ್ಸೆಂದಾ ದೋರ್ಜಿಯದು, ದೂರದಿಂದ ಹೊಡೆದದ್ದು. ಚೆಂಡು ಬಲೆ ಸೇರಿದಾಗ ಇಡೀ ಸ್ಟ್ಯಾಂಡಿನಲ್ಲಿ ಹಾರಿ ಕುಣಿದವರು ಒಂದು ಮೂಲೆಯ ಭೂತಾನಿ ಹುಡುಗ ಹುಡುಗಿಯರು, ಅವರ ಜೊತೆ ಯಾವ ಸಂಬಂಧವೂ ಇಲ್ಲದ ನಾನು. ಅರ್ಧ ಗಂಟೆಯೊಳಗೆ ಬಾಂಗ್ಲಾ ಮೂರು ಗೋಲು ತಿರುಗಿಸಿತು, ಅದರಲ್ಲೊಂದು ಸ್ವಂತ ಗೋಲು. ಪಂದ್ಯ ಮುಗಿದ ಮೇಲೂ ಆ ಮಕ್ಕಳು ಧ್ವಜ ಮಡಚದೆ ನಿಂತಿದ್ದರು, ಆಟಗಾರರು ಬಂದು ಕೈಮುಗಿದು ಹೋದರು.

ಈಗ ತಂಡ ಎಲ್ಲಿದೆ?

ಇತ್ತೀಚಿನ ವರ್ಷಗಳಲ್ಲಿ ಫಿಫಾ ಪಟ್ಟಿಯ 180ರಿಂದ 190ರ ಆಸುಪಾಸಿನಲ್ಲಿ. ಕೊನೆಯ ಸ್ಥಾನ ಈಗ ಬೇರೆಯವರ ತಲೆನೋವು. 2023ರ ಅಕ್ಟೋಬರ್‌ನಲ್ಲಿ 2026ರ ವಿಶ್ವಕಪ್ ಅರ್ಹತೆಗೆ ಮತ್ತೆ ಹಾಂಗ್‌ಕಾಂಗ್ ಸಿಕ್ಕಿತು. ಅಲ್ಲಿ 4-0 ಸೋತರು, ಥಿಂಪುವಿನಲ್ಲಿ 2-0 ಗೆದ್ದರು. ಒಟ್ಟು 4-2ರಲ್ಲಿ ಹೊರಬಿದ್ದರೂ, ಎಂಟು ವರ್ಷದ ಹಿಂದೆ ಏಳು ಗೋಲು ಹೊಡೆದ ತಂಡವನ್ನು ಸೋಲಿಸಿದ್ದು ಸುಳ್ಳಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಾಂಗ್ಲಾದೇಶವನ್ನು ಥಿಂಪುವಿನಲ್ಲಿ 1-0 ಸೋಲಿಸಿದರು. 2025ರ ಮಾರ್ಚ್‌ನಲ್ಲಿ ಏಷ್ಯಾ ಕಪ್ ಅರ್ಹತೆಯಲ್ಲಿ ಯೆಮನ್ ಅನ್ನು 0-0ಯಲ್ಲಿ ಹಿಡಿದು ನಿಲ್ಲಿಸಿದರು. ಇದೇ ಯೆಮನ್ 2000ದಲ್ಲಿ ಹನ್ನೊಂದು ಗೋಲು ಹೊಡೆದಿತ್ತು. ಕ್ಲಬ್‌ಗಳೂ ಚೇತರಿಸಿಕೊಂಡಿವೆ. 2024ರಲ್ಲಿ ಎಎಫ್‌ಸಿ ಚಾಲೆಂಜ್ ಲೀಗ್‌ನ ಒಂದು ಗುಂಪಿನ ಪಂದ್ಯಗಳು ಥಿಂಪುವಿನಲ್ಲೇ ನಡೆದವು, ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಲ್ಲಿಗೆ ಹೋಗಿ ಪಾರೊ ಎಫ್‌ಸಿ ಎದುರು 2-2 ಮಾಡಿಕೊಂಡಿತು.

ಹೊರಗಿನ ಪಂದ್ಯಗಳ ರೋಗ ಮಾತ್ರ ಇನ್ನೂ ವಾಸಿಯಾಗಿಲ್ಲ.

ಥಿಂಪುವಿಗೆ ಹೋಗಿ ಒಂದು ಪಂದ್ಯ ನೋಡಬೇಕು. ಕಷ್ಟವೇ?

ಅಷ್ಟೇನಿಲ್ಲ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ತೋರಿಸಿ ಪರ್ಮಿಟ್ ಮಾಡಿಸಿಕೊಳ್ಳಬೇಕು. ರಾತ್ರಿಯೊಂದಕ್ಕೆ ತಲೆಗೆ 1,200 ರೂಪಾಯಿ ಶುಲ್ಕ ಬೇರೆ ಇದೆ. ಬಾಗ್‌ಡೋಗ್ರಾವರೆಗೆ ವಿಮಾನ, ಅಲ್ಲಿಂದ ಜೈಗಾಂವ್ ದಾಟಿದರೆ ಫುಂಟ್‌ಶೋಲಿಂಗ್. ಗಡಿಯ ಆಚೆ ಥಿಂಪುವಿಗೆ ಬೆಟ್ಟದ ರಸ್ತೆಯಲ್ಲಿ ಐದಾರು ಗಂಟೆ. ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಿ.

ಚಾಂಗ್ಲಿಮಿಥಾಂಗ್ ಊರ ನಡುವೆಯೇ ಇದೆ. 1885ರಲ್ಲಿ ಮುಂದೆ ಭೂತಾನಿನ ಮೊದಲ ಅರಸನಾದ ಉಗ್ಯೆನ್ ವಾಂಗ್‌ಚುಕ್ ಎದುರಾಳಿಗಳನ್ನು ಸೋಲಿಸಿದ ಕದನದ ಬಯಲು ಅದು. ಕ್ರೀಡಾಂಗಣ ಕಟ್ಟಿದ್ದು 1974ರಲ್ಲಿ, ನಾಲ್ಕನೇ ಅರಸನ ಪಟ್ಟಾಭಿಷೇಕಕ್ಕೆ. ಹೋದ ದಿನವೇ ಮೆಟ್ಟಿಲು ಓಡಿ ಹತ್ತಬೇಡಿ, ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಬೇಗ ಹೋಗಿ, ಪಕ್ಕದ ಅಂಗಳದಲ್ಲಿ ಬಿಲ್ಲುಗಾರರಿದ್ದರೆ ಸ್ವಲ್ಪ ಹೊತ್ತು ನಿಂತು ನೋಡಿ, ಬಾಣ ಬರುವ ದಾರಿಗೆ ಮಾತ್ರ ಅಡ್ಡ ಬರಬೇಡಿ. ಬಿಸಿಲು ಕಂಡು ಮೋಸ ಹೋಗದೆ ಸ್ವೆಟರ್ ಜೊತೆಗಿರಲಿ. ದ್ವಿತೀಯಾರ್ಧದ ಹೊತ್ತಿಗೆ ಬೆಟ್ಟದ ನೆರಳು ಸ್ಟ್ಯಾಂಡಿನ ಮೇಲೆ ಬಿದ್ದಿರುತ್ತದೆ.